ಚಳಿಗೆ ಕಂದಿದ ಗರಿಕೆ ಸತ್ತಿದೆಯೇ?

ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ಮೂಲತಃ ಧಾರವಾಡದ ಕಡೆಯವರು, ಇಪ್ಪತ್ತು ವರ್ಷಗಳಿಂದ ಪುಣೆಯಲ್ಲಿ ನೆಲೆಸಿದ್ದೇವೆ. ಮನೆಯ ಮುಂದೆ ಉರುಳಿ ಕಾಂಚನದ ನರ್ಸರಿಯಿಂದ ತಂದು ಹಾಕಿಸಿದ ಹುಲ್ಲುಹಾಸಿದೆ, ಗಣಪತಿ ಪೂಜೆಗೆ ಬೇಕಾಗುವ ಕರಿಕೆಯೂ ಅದರ ಅಂಚಿನಲ್ಲೇ ಹಬ್ಬಿದೆ. ಪ್ರತಿ ವರ್ಷ ಡಿಸೆಂಬರ್ ಕೊನೆಯ ಹೊತ್ತಿಗೆ ಅದು ಮೊದಲು ನೇರಳೆ ಬಣ್ಣಕ್ಕೆ ತಿರುಗಿ, ಆಮೇಲೆ ಒಣಹುಲ್ಲಿನಂತೆ ಕಂದುತ್ತದೆ. ಈ ಸಲ ನಮ್ಮ ಮಾಲಿ, ‘ಜಿಬ್ಬರೆಲಿಕ್ ಆಮ್ಲ ಹೊಡೆದರೆ ಹಸಿರಾಗುತ್ತದೆ’ ಎಂದ. ಪಕ್ಕದ ಮನೆಯವರು, ‘ಗಿಡಗಳಲ್ಲೇ ಚಳಿ ತಡೆಯುವ ಬೇರೆ ಹಾರ್ಮೋನು ಇದೆ, ಕೊಡುವುದಾದರೆ ಅದನ್ನು ಕೊಡಿ’ ಎನ್ನುತ್ತಾರೆ. ಹುಲ್ಲು ನಿಜವಾಗಿ ಸತ್ತಿದೆಯೇ? ಹಾರ್ಮೋನು ಅದನ್ನು ಚಳಿಯಿಂದ ಕಾಪಾಡುವುದು ಹೇಗೆ?
– ಓದುಗರೊಬ್ಬರು, ಪಾಷಾಣ, ಪುಣೆ

ಉತ್ತರ: ತಮ್ಮ ಹುಲ್ಲು ಸತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಸತ್ತಿತೆಂದು ತಿಳಿದು ಜನವರಿಯಲ್ಲಿ ಇಡೀ ಹುಲ್ಲುಹಾಸನ್ನು ಕೀಳಿಸಿ ಹೊಸದನ್ನು ಹಾಕಿಸುವವರನ್ನು ಔಂಧ್, ಬಾಣೇರ್ ಕಡೆ ನಾನು ಪ್ರತಿ ಚಳಿಗಾಲದಲ್ಲೂ ನೋಡುತ್ತಿದ್ದೇನೆ, ಪ್ರತಿ ಸಲವೂ ನನಗೆ ಸಂಕಟವಾಗುತ್ತದೆ.

ತಾವು ಕರಿಕೆ ಎನ್ನುವುದನ್ನು ಮೈಸೂರು ಕಡೆಯವರು ಗರಿಕೆ ಎನ್ನುತ್ತಾರೆ, ತಮ್ಮ ಮಾಲಿ ಹರಳಿ ಎನ್ನುತ್ತಿರಬಹುದು. ನರ್ಸರಿಗಳಲ್ಲಿ ‘ಸೆಲೆಕ್ಷನ್ ಒನ್’ ಎಂದು ಮಾರುವ ಹುಲ್ಲುಹಾಸೂ ಇದೇ ಗರಿಕೆಯಿಂದ ಆರಿಸಿ ತೆಗೆದ ನಯವಾದ ಬಗೆ. ಗರಿಕೆ ಬಿಸಿಲನ್ನು ನೆಚ್ಚಿಕೊಂಡ ಹುಲ್ಲು. 27ರಿಂದ 35 ಡಿಗ್ರಿ ಸೆಲ್ಸಿಯಸ್ ನಡುವೆ ಅದು ಹುರುಪಿನಿಂದ ಹಬ್ಬುತ್ತದೆ, 15 ಡಿಗ್ರಿಗಿಂತ ಕೆಳಗೆ ಅದರ ಬೆಳವಣಿಗೆ ಕುಂಟುತ್ತದೆ, 10 ಡಿಗ್ರಿಯ ಆಸುಪಾಸಿಗೆ ಬಂದರೆ ಎಲೆಯ ಹಸಿರು ಮಾಸತೊಡಗುತ್ತದೆ. ಪುಣೆಯ ಡಿಸೆಂಬರ್–ಜನವರಿಯ ರಾತ್ರಿಗಳು ಈ ಗೆರೆಯ ಮೇಲೆಯೇ ಇರುತ್ತವೆ, ಕೆಲವು ರಾತ್ರಿಗಳು ಅದಕ್ಕಿಂತಲೂ ಕೆಳಗಿಳಿಯುತ್ತವೆ. ಗುಡ್ಡಗಳ ನಡುವಿನ ಪಾಷಾಣದಲ್ಲಿ ಪೇಟೆಗಿಂತ ಚಳಿ ಹೆಚ್ಚೆಂಬುದು ತಮಗೆ ಗೊತ್ತೇ ಇದೆ.

ಆದರೆ ಈ ಕಂದುವಿಕೆ ಚಳಿಯ ಕೈಯಲ್ಲಿ ಹುಲ್ಲು ಸೋತದ್ದರ ಗುರುತಲ್ಲ. ಅದರಲ್ಲಿ ಬಹುಪಾಲು ಹುಲ್ಲು ತಾನೇ ಮಾಡಿಕೊಂಡ ಏರ್ಪಾಡು, ಆ ಏರ್ಪಾಡಿನ ಆಜ್ಞೆಗಳನ್ನು ಹೊತ್ತು ತಿರುಗುವುವೇ ಹಾರ್ಮೋನುಗಳು.

ತಾವೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಕಳೆದ ಜನವರಿಯ ಒಂದು ಬೆಳಿಗ್ಗೆ ನಾನು ನಮ್ಮ ಕಟ್ಟಡದ ಹಿಂದಿನ ಗರಿಕೆಯಿಂದ ಗೇಣುದ್ದದ ಒಂದು ಬಳ್ಳಿಯನ್ನು ಬೇರುಸಹಿತ ಬಿಡಿಸಿ ಭೂತಗನ್ನಡಿಯಡಿ ಇಟ್ಟೆ. ಎಲೆಯ ತುದಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು, ನಡುಭಾಗ ನೇರಳೆಯಾಗಿತ್ತು, ಕಾಂಡವನ್ನು ಅಪ್ಪಿಕೊಂಡ ಬುಡ ಮಾತ್ರ ಇನ್ನೂ ತಿಳಿಹಸಿರಾಗಿತ್ತು. ಆ ಬುಡವನ್ನು ಉಗುರಿನಿಂದ ಬಿಡಿಸಿದಾಗ ಪ್ರತಿ ಗೆಣ್ಣಿನಲ್ಲೂ ಅಕ್ಕಿಯ ನುಚ್ಚಿನಷ್ಟು ದಪ್ಪದ, ಚೂಪು ಮೂತಿಯ ಬೆಳ್ಳನೆಯ ಮೊಗ್ಗು ಬಿಗಿಯಾಗಿ ಕುಳಿತಿತ್ತು. ಮಣ್ಣಿನೊಳಗಿನ ಕಾಂಡವನ್ನು ಬ್ಲೇಡಿನಿಂದ ಸೀಳಿ ಅದರ ಮೇಲೆ ಟಿಂಚರ್ ಅಯೋಡಿನ್ನಿನ ಒಂದು ಹನಿ ಬಿಟ್ಟಾಗ ಸೀಳಿದ ಮೈ ಕ್ಷಣದಲ್ಲಿ ಕಪ್ಪುನೀಲಿಗೆ ತಿರುಗಿತು. ಅದು ಪಿಷ್ಟದ ಗುರುತು. ಎಲೆಗಳು ಬಡವಾದಂತೆ ಕಂಡರೂ ಕಣಜ ನೆಲದೊಳಗೆ ತುಂಬಿತ್ತು.

ಈಗ ಚಳಿ ಹುಲ್ಲಿಗೆ ಏನು ಮಾಡುತ್ತದೆಂಬುದನ್ನು ನೋಡೋಣ, ಅದು ತಿಳಿಯದೆ ಹಾರ್ಮೋನುಗಳ ಕೆಲಸ ಅರ್ಥವಾಗದು. ಪುಣೆಯ ಡಿಸೆಂಬರಿನಲ್ಲಿ ತಮ್ಮ ಮನೆಯ ಕೊಬ್ಬರಿ ಎಣ್ಣೆ ಸೀಸೆಯಲ್ಲಿ ಹೆಪ್ಪುಗಟ್ಟುತ್ತದೆ, ಅದೇ ಅಡುಗೆಮನೆಯಲ್ಲಿರುವ ಶೇಂಗಾ ಎಣ್ಣೆ ತಿಳಿಯಾಗಿಯೇ ಇರುತ್ತದೆ. ಎರಡೂ ಕೊಬ್ಬೇ, ಆದರೆ ಅವುಗಳ ಅಣುಗಳ ರಚನೆ ಬೇರೆ. ಜೀವಕೋಶದ ಸುತ್ತಲಿನ ಪೊರೆಯೂ ಹೆಚ್ಚಾಗಿ ಕೊಬ್ಬಿನದೇ ಹಾಳೆಯಾದ್ದರಿಂದ ಚಳಿ ಬಂದಾಗ ಅದೂ ಬಿರುಸಾಗುತ್ತದೆ. ಪೊರೆ ಬಿರುಸಾದೊಡನೆ ಅದರಲ್ಲಿರುವ ಕಿಂಡಿಗಳು ತೆರೆದು ಹೊರಗಿನ ಕ್ಯಾಲ್ಸಿಯಂ ಒಳಕ್ಕೆ ನುಗ್ಗುತ್ತದೆ, ‘ಚಳಿ ಬಂತು’ ಎಂಬ ಮೊದಲ ಸುದ್ದಿ ಕೋಶಕ್ಕೆ ಮುಟ್ಟುವುದು ಹಾಗೆ. ಇತ್ತ ತಣ್ಣನೆಯ ಮಣ್ಣಿನಲ್ಲಿ ಬೇರು ನೀರು ಹೀರುವುದು ನಿಧಾನವಾಗುತ್ತದೆ, ಅತ್ತ ಪುಣೆಯ ಚಳಿಗಾಲದ ಒಣಗಾಳಿಗೆ, ಚುರುಕು ಬಿಸಿಲಿಗೆ ಎಲೆಯಿಂದ ನೀರು ಆವಿಯಾಗುತ್ತಲೇ ಇರುತ್ತದೆ. ಹಾಗಾಗಿ ನೀರಿನ ನಡುವೆಯೇ ಹುಲ್ಲು ಬಾಯಾರುತ್ತದೆ. ಇನ್ನೂ ಒಂದು ಪೆಟ್ಟಿದೆ. ಬೆಳಗಿನ ಬಿಸಿಲನ್ನು ಪತ್ರಹರಿತ್ತು ಎಂದಿನಂತೆ ಹಿಡಿಯುತ್ತದೆ, ಆದರೆ ಆ ಶಕ್ತಿಯನ್ನು ಬಳಸಿ ಸಕ್ಕರೆ ಕಟ್ಟಬೇಕಾದ ಕಿಣ್ವಗಳು ಚಳಿಗೆ ಜಡವಾಗಿರುತ್ತವೆ. ಬಳಕೆಯಾಗದೆ ಉಳಿದ ಶಕ್ತಿ ಆಮ್ಲಜನಕವನ್ನು ಕೆರಳಿಸಿ, ಪೊರೆಗಳನ್ನೂ ಪ್ರೋಟೀನುಗಳನ್ನೂ ಕೊರೆಯುವ ಉಗ್ರ ರೂಪಗಳನ್ನು ಹುಟ್ಟಿಸುತ್ತದೆ. ತಾವು ಕಂಡ ನೇರಳೆ ಬಣ್ಣ ಆಂಥೋಸಯನಿನ್ ಎಂಬ ವರ್ಣದ್ರವ್ಯದ್ದು. ಹೆಚ್ಚಾದ ಬೆಳಕನ್ನು ತಡೆಯಲು ಎಲೆ ತನ್ನ ಮೇಲೆ ತಾನೇ ಎಳೆದುಕೊಂಡ ಪರದೆ ಅದೆಂದು ತಿಳಿಯಬಹುದು.

ಈ ಮೂರೂ ಪೆಟ್ಟುಗಳಿಗೆ ಎದುರು ನಿಲ್ಲುವ ಹಾರ್ಮೋನುಗಳಲ್ಲಿ ಅಬ್ಸಿಸಿಕ್ ಆಮ್ಲವೇ ಪ್ರಧಾನವಾದದ್ದು, ತಮ್ಮ ನೆರೆಮನೆಯವರು ಹೇಳಿದ್ದೂ ಇದನ್ನೇ ಇರಬೇಕು. 1960ರ ದಶಕದಲ್ಲಿ ಒಂದು ತಂಡ ಹತ್ತಿಯ ಕಾಯಿ ಉದುರುವುದನ್ನೂ ಇನ್ನೊಂದು ತಂಡ ಮರದ ಮೊಗ್ಗುಗಳ ನಿದ್ರೆಯನ್ನೂ ಅಭ್ಯಸಿಸುತ್ತಾ ಹೋಗಿ ಕೊನೆಗೆ ಒಂದೇ ವಸ್ತುವಿನ ಬಳಿಗೆ ಬಂದು ತಲಪಿದವು. ಚಳಿಯಿಂದಲೋ ಬರದಿಂದಲೋ ಕೋಶದ ನೀರು ಕಡಿಮೆಯಾದಾಗ ಇದರ ಪ್ರಮಾಣ ಏರುತ್ತದೆ. ಏರಿದೊಡನೆ ಅದು ಎಲೆಯ ಪತ್ರರಂಧ್ರಗಳನ್ನು ಮುಚ್ಚಿಸುತ್ತದೆ. ರಂಧ್ರದ ಎರಡು ಬದಿಯ ಕಾವಲು ಕೋಶಗಳಿಂದ ಪೊಟ್ಯಾಸಿಯಂ ಹೊರಬಿದ್ದು, ಅದರ ಹಿಂದೆ ನೀರೂ ಹೊರಟು, ಕೋಶಗಳು ಸೊರಗಿ ಬಾಗಿಲು ಹಾಕಿಕೊಳ್ಳುತ್ತದೆ. ಇಷ್ಟು ಮೊದಲ ಕೆಲಸ. ಆಮೇಲಿನದು ಇನ್ನೂ ಆಳವಾದದ್ದು: ಕೋಶಕೇಂದ್ರದಲ್ಲಿ ಮಲಗಿದ್ದ ಎಷ್ಟೋ ವಂಶವಾಹಿಗಳು ಇದರ ಕರೆಗೆ ಎಚ್ಚರಗೊಳ್ಳುತ್ತವೆ. ಅವುಗಳಿಂದ ಡಿಹೈಡ್ರಿನ್ ಎಂಬ ಪ್ರೋಟೀನುಗಳು ತಯಾರಾಗಿ, ನೀರು ಕಡಿಮೆಯಾದ ಕೋಶದಲ್ಲಿ ಪೊರೆಗಳು ಕುಸಿಯದಂತೆ ಆಸರೆ ಕೊಡುತ್ತವೆ. ಪ್ರೋಲಿನ್ ಮತ್ತು ಸಕ್ಕರೆಗಳು ಸಂಗ್ರಹವಾಗಿ ಕೋಶರಸವನ್ನು ಗಟ್ಟಿಗೊಳಿಸುತ್ತವೆ. ಉಗ್ರ ಆಮ್ಲಜನಕವನ್ನು ಶಮನ ಮಾಡುವ ಕ್ಯಾಟಲೇಸ್, ಪೆರಾಕ್ಸಿಡೇಸ್ ಮೊದಲಾದ ಕಿಣ್ವಗಳ ಬಲ ಹೆಚ್ಚುತ್ತದೆ. ಗರಿಕೆಯನ್ನೇ ಆರಿಸಿಕೊಂಡು ಚೀನಾದ ಸಂಶೋಧಕರು ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಅಬ್ಸಿಸಿಕ್ ಆಮ್ಲ ಕೊಟ್ಟ ಗರಿಕೆಯನ್ನು ಚಳಿಗೊಡ್ಡಿದಾಗ ಅದರ ಪೊರೆಗಳಿಂದ ಲವಣಗಳ ಸೋರಿಕೆ ಕಡಿಮೆಯಿತ್ತು, ಬೆಳಕು ಹಿಡಿಯುವ ವ್ಯವಸ್ಥೆಯೂ ಹೆಚ್ಚು ಕ್ಷೇಮವಾಗಿ ಉಳಿದಿತ್ತು.

ಇನ್ನು ತಮ್ಮ ಮಾಲಿ ಹೇಳಿದ ಜಿಬ್ಬರೆಲಿನ್. ಇದರ ಕಥೆ ಭತ್ತದ ಗದ್ದೆಯಲ್ಲಿ ಹುಟ್ಟಿದ್ದು. ಜಪಾನಿನ ರೈತರು ‘ಬಕಾನೆ’, ಎಂದರೆ ‘ಪೆದ್ದು ಸಸಿ’, ಎಂದು ಕರೆಯುತ್ತಿದ್ದ ರೋಗವೊಂದರಲ್ಲಿ ಭತ್ತದ ಸಸಿಗಳು ಒಡನಾಡಿಗಳನ್ನೆಲ್ಲ ಮೀರಿ ಬಡಕಲಾಗಿ ಎತ್ತರಕ್ಕೆ ಬೆಳೆದು ಬಿದ್ದುಹೋಗುತ್ತಿದ್ದವು. ಅದಕ್ಕೆ ಶಿಲೀಂಧ್ರವೊಂದು ಸ್ರವಿಸುವ ವಸ್ತುವೇ ಕಾರಣವೆಂದು 1926ರಲ್ಲಿ ಕುರೊಸಾವಾ ತೋರಿಸಿಕೊಟ್ಟರು. ಅಂಥದೇ ವಸ್ತುವನ್ನು ಗಿಡಗಳು ತಾವೇ ಹದವರಿತು ತಯಾರಿಸಿಕೊಳ್ಳುತ್ತವೆಂಬುದು ಆಮೇಲೆ ತಿಳಿಯಿತು. ನಾಶಿಕ್, ನಾರಾಯಣಗಾಂವ್ ಕಡೆಯ ದ್ರಾಕ್ಷಿ ಬೆಳೆಗಾರರು ‘ಜಿ.ಎ.’ ಎಂದು ಕರೆದು, ಲೋಟದಲ್ಲಿ ಕಲಸಿ, ಗೊನೆಗಳನ್ನು ಒಂದೊಂದಾಗಿ ಅದ್ದುವುದು ಇದರಲ್ಲೇ. ಅದರಿಂದ ಬೀಜವಿಲ್ಲದ ದ್ರಾಕ್ಷಿ ಉದ್ದವಾಗಿ ದಪ್ಪವಾಗುತ್ತದೆ. ಜಿಬ್ಬರೆಲಿನ್ ಎಂದರೆ ‘ಬೆಳೆ, ಉದ್ದವಾಗು’ ಎಂಬ ಆಜ್ಞೆ.

ಚಳಿಗಾಲದಲ್ಲಿ ಗಿಡ ಈ ಆಜ್ಞೆಯನ್ನೇ ಹಿಂತೆಗೆದುಕೊಳ್ಳುತ್ತದೆ, ಇಡೀ ವಿಷಯದ ತಿರುಳಿರುವುದು ಇಲ್ಲಿ. ಚಳಿ ತಗುಲಿದ ಕೆಲವೇ ಗಂಟೆಗಳಲ್ಲಿ ಕೋಶದಲ್ಲಿ ‘ಸಿ.ಬಿ.ಎಫ್.’ ಎಂಬ ಗುಂಪಿನ ಪ್ರೋಟೀನುಗಳು ತಲೆಯೆತ್ತಿ ಚಳಿ ತಾಳುವ ವಂಶವಾಹಿಗಳನ್ನು ಚಾಲನೆಗೊಳಿಸುತ್ತವೆ. ಅಮೆರಿಕದ ಮಿಷಿಗನ್‌ನಲ್ಲಿ ಥಾಮಷೋ ಅವರ ತಂಡ 1997ರಲ್ಲಿ ಇವುಗಳಲ್ಲಿ ಮೊದಲನೆಯದನ್ನು ಸಾಸಿವೆಯ ಕುಲದ ಪುಟ್ಟ ಗಿಡವೊಂದರಲ್ಲಿ ಗುರುತಿಸಿತು. ಗೋಧಿ, ಬಾರ್ಲಿಗಳಂಥ ಹುಲ್ಲುಗಳಲ್ಲಿ ಇವುಗಳ ದೊಡ್ಡ ಗೊಂಚಲೇ ಒಂದೆಡೆ ಇದೆ. ಇದೇ ಸಿ.ಬಿ.ಎಫ್., ಜಿಬ್ಬರೆಲಿನ್ನನ್ನು ನಾಶಮಾಡುವ ಕಿಣ್ವವನ್ನೂ ಹೆಚ್ಚಿಸುತ್ತದೆಂಬುದು ಆ ಪುಟ್ಟ ಗಿಡದಲ್ಲಿ ಸ್ಪಷ್ಟವಾಗಿ ಕಂಡುಬಂದಿದೆ. ಜಿಬ್ಬರೆಲಿನ್ ಕಡಿಮೆಯಾದಾಗ, ಅದು ಇದ್ದಾಗಲೆಲ್ಲ ಕರಗಿಹೋಗುತ್ತಿದ್ದ ‘ಡೆಲ್ಲಾ’ ಎಂಬ ಪ್ರೋಟೀನುಗಳು ಉಳಿದುಕೊಂಡು ಬೆಳವಣಿಗೆಗೆ ಕಡಿವಾಣ ಹಾಕುತ್ತವೆ. 1960ರ ದಶಕದಲ್ಲಿ ನಮ್ಮ ದೇಶಕ್ಕೆ ಬಂದ ಗಿಡ್ಡ ಗೋಧಿಗಳು ಗಿಡ್ಡಗಿದ್ದದ್ದೂ ಜಿಬ್ಬರೆಲಿನ್ನಿಗೆ ಮಣಿಯದ ಡೆಲ್ಲಾದಿಂದಲೇ ಎಂದರೆ ಇದರ ಶಕ್ತಿಯ ಅಂದಾಜಾದೀತು. ಬೆಳೆಯಲು ಖರ್ಚಾಗಬೇಕಿದ್ದ ಸಕ್ಕರೆ ಆಗ ಖರ್ಚಾಗದೆ ಗೆಣ್ಣಿನಲ್ಲಿ, ಬುಡದಲ್ಲಿ, ನೆಲದೊಳಗಿನ ಕಾಂಡದಲ್ಲಿ ಉಳಿಯುತ್ತದೆ. ನಾನು ಅಯೋಡಿನ್ ಹಾಕಿ ಕಂಡ ಕಪ್ಪುನೀಲಿ ಬಣ್ಣ ಆ ಉಳಿತಾಯದ್ದು. ಅಬ್ಸಿಸಿಕ್ ಆಮ್ಲವಾಗಲಿ ಇನ್ನಾವ ಹಾರ್ಮೋನಾಗಲಿ ಹುಲ್ಲನ್ನು ಬೆಚ್ಚಗಿಡುವುದಿಲ್ಲ. ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂಬ ತೀರ್ಮಾನವನ್ನು ಅವು ಕೋಶದಿಂದ ಕೋಶಕ್ಕೆ ಮುಟ್ಟಿಸುತ್ತವೆ. ಎಲೆಯನ್ನು ಹಸಿರಾಗಿಡುವ ಸೈಟೋಕೈನಿನ್ ಚಳಿಯಲ್ಲಿ ಇಳಿಮುಖವಾಗುವುದರಿಂದ ಹಳೆಯ ಎಲೆಗಳು ಬೇಗ ಮಾಗುತ್ತವೆ, ಹಾಗೆ ಮಾಗುವ ಎಲೆಯಿಂದ ಸಾರಜನಕ ಮೊದಲಾದ ಪೋಷಕಗಳು ಬುಡಕ್ಕೆ ಹಿಂದಿರುಗುತ್ತವೆ. ತಮ್ಮ ಕಣ್ಣಿಗೆ ಸಾವಿನಂತೆ ಕಂಡದ್ದು ಈ ಹಿಂದಿರುಗುವಿಕೆ.

ಹೀಗಿರುವಾಗ ಜನವರಿಯಲ್ಲಿ ಜಿಬ್ಬರೆಲಿಕ್ ಆಮ್ಲ ಹೊಡೆಯುವುದೆಂದರೆ, ಬಾಗಿಲು ಹಾಕಿ ಮಲಗಿದವರನ್ನು ಎಬ್ಬಿಸಿ ಹೊಲಕ್ಕೆ ಅಟ್ಟಿದಂತೆ. ಒಂದೆರಡು ವಾರ ಎಲೆ ಸ್ವಲ್ಪ ಚಿಗುರಿದಂತೆ ಕಂಡೀತು, ಆದರೆ ಆ ಚಿಗುರು ನೆಲದೊಳಗಿನ ಕಣಜವನ್ನು ಬರಿದು ಮಾಡಿಕೊಂಡೇ ಬರುತ್ತದೆ, ಎಳೆಯ ಕೋಶಗಳು ಮುಂದಿನ ಚಳಿರಾತ್ರಿಗೆ ಮೊದಲು ಬಲಿಯಾಗುತ್ತವೆ. ದಯವಿಟ್ಟು ಹೊಡೆಯಬೇಡಿ. ಅಬ್ಸಿಸಿಕ್ ಆಮ್ಲವನ್ನು ಮನೆಯ ಹುಲ್ಲಿಗೆ ಸಿಂಪಡಿಸುವುದೂ ಬೇಡ. ಅದು ಬೆಳಕಿಗೆ ಬೇಗ ಕೆಡುವ ದುಬಾರಿ ವಸ್ತು, ಪುಣೆಯ ಚಳಿಗೆ ಬೇಕಾದಷ್ಟನ್ನು ತಮ್ಮ ಗರಿಕೆ ತಾನೇ ತಯಾರಿಸಿಕೊಳ್ಳುತ್ತದೆ. ತಾವು ಮಾಡಬೇಕಾದದ್ದು ಇಷ್ಟೇ: ನವೆಂಬರ್ ಮಧ್ಯದ ನಂತರ ಯೂರಿಯಾ ಹಾಕಬೇಡಿ, ಅಕ್ಟೋಬರಿನಲ್ಲಿ ಸ್ವಲ್ಪ ಪೊಟ್ಯಾಷ್ ಕೊಡಿ, ಚಳಿಗಾಲದಲ್ಲಿ ನೆಲಮಟ್ಟಕ್ಕೆ ಕತ್ತರಿಸದೆ ಎಂದಿಗಿಂತ ತುಸು ಎತ್ತರವಾಗಿ ಬಿಡಿ, ವಾರಕ್ಕೊಂದು ಸಲ ಬೆಳಿಗ್ಗೆ ನೀರು ಹಾಕಿ. ನಂಬಿಕೆ ಬಾರದಿದ್ದರೆ ಕಂದಿದ ಹುಲ್ಲಿನ ಒಂದು ಹೆಂಟೆಯನ್ನು ಕುಂಡದಲ್ಲಿಟ್ಟು ಅಡುಗೆಮನೆಯ ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟು ನೋಡಿ, ಗೆಣ್ಣುಗಳಿಂದ ಬಿಳಿಯ ಮೂತಿಗಳು ಹೊರಬರುವುದನ್ನು ಮನೆಯ ಮಕ್ಕಳೂ ಕಾಣಬಹುದು.

ಪ್ರಶ್ನೆ: ಪ್ರಾಣಿಗಳಲ್ಲಿ ಹಾರ್ಮೋನು ಸ್ರವಿಸಲು ಗ್ರಂಥಿಗಳಿವೆ, ಒಯ್ಯಲು ರಕ್ತವಿದೆ. ಹುಲ್ಲಿಗೆ ಎರಡೂ ಇಲ್ಲ. ಹಾಗಿದ್ದರೂ ಅದನ್ನು ಹಾರ್ಮೋನು ಎನ್ನುವುದು ಸರಿಯೇ? ಮುಂಬಯಿಯ ಹುಲ್ಲು ಚಳಿಗಾಲದಲ್ಲೂ ಹಸಿರಾಗಿರುವುದೇಕೆ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಗ್ರಂಥಿ ಇಲ್ಲವೆಂಬುದು ನಿಜ, ಏಕೆಂದರೆ ಗಿಡದ ಬಹುತೇಕ ಪ್ರತಿ ಜೀವಂತ ಭಾಗವೂ ಅಗತ್ಯ ಬಿದ್ದಾಗ ಹಾರ್ಮೋನು ತಯಾರಿಸಬಲ್ಲದು. ಒಂದು ಕಡೆ ಅತ್ಯಲ್ಪ ಪ್ರಮಾಣದಲ್ಲಿ ತಯಾರಾಗಿ ಇನ್ನೊಂದು ಕಡೆ ದೊಡ್ಡ ಪರಿಣಾಮ ಬೀರುತ್ತದೆಂಬ ಅರ್ಥದಲ್ಲಿ ಆ ಹೆಸರು ಸಲ್ಲುತ್ತದೆ. ಸಾಗಣೆಗೆ ನೀರು ಏರುವ ಕೊಳವೆಗಳಿವೆ, ಸಕ್ಕರೆ ಇಳಿಯುವ ಕೊಳವೆಗಳಿವೆ, ಎಥಿಲೀನ್ ಎಂಬ ಹಾರ್ಮೋನಂತೂ ಅನಿಲವಾದ್ದರಿಂದ ಗಾಳಿಯಲ್ಲೇ ಹರಡುತ್ತದೆ. ಈ ವಿಷಯ ನಮಗೆ ಕಲಿಸಿಕೊಟ್ಟದ್ದು ಬಹುಪಾಲು ಹುಲ್ಲುಗಳೇ ಎಂಬುದನ್ನು ಇಲ್ಲಿ ನೆನೆಯಬೇಕು. ಚಾರ್ಲ್ಸ್ ಡಾರ್ವಿನ್ ತಮ್ಮ ಮಗ ಫ್ರಾನ್ಸಿಸ್ ಜೊತೆಗೂಡಿ, ಬೆಳಕಿನತ್ತ ಬಾಗುವ ಹುಲ್ಲುಮೊಳಕೆಯ ತುದಿಯಿಂದ ಕೆಳಕ್ಕೆ ಏನೋ ಒಂದು ಸಂದೇಶ ಇಳಿಯುತ್ತದೆಂದು 1880ರಲ್ಲಿ ಬರೆದರು. ಅದು ಆಕ್ಸಿನ್ ಎಂಬ ರಾಸಾಯನಿಕವೆಂಬುದು 1920ರ ದಶಕದಲ್ಲಿ ಓಟ್ಸ್ ಮೊಳಕೆಗಳ ಮೇಲೆ ವೆಂಟ್ ನಡೆಸಿದ ಪ್ರಯೋಗಗಳಿಂದ ಖಚಿತವಾಯಿತು. ಜಿಬ್ಬರೆಲಿನ್ ಭತ್ತದಿಂದ ಬಂತು. ಜಿಯಾಟಿನ್ ಎಂಬ ಸೈಟೋಕೈನಿನ್ನನ್ನು 1963ರಲ್ಲಿ ಎಳೆಯ ಮೆಕ್ಕೆಜೋಳದ ಕಾಳುಗಳಿಂದ ಬೇರ್ಪಡಿಸಿದರು.

ಮುಂಬಯಿಯ ವಿಷಯಕ್ಕೆ ಹೆಚ್ಚು ಹೇಳಬೇಕಾಗಿಲ್ಲ. ಸಮುದ್ರದ ದಯೆಯಿಂದ ಅಲ್ಲಿಯ ಚಳಿಗಾಲದ ರಾತ್ರಿಗಳೂ ಸಾಮಾನ್ಯವಾಗಿ 15 ಡಿಗ್ರಿಗಿಂತ ಮೇಲೆಯೇ ಇರುತ್ತವೆ, ಗರಿಕೆಗೆ ಬಾಗಿಲು ಹಾಕುವ ಪ್ರಸಂಗವೇ ಬರುವುದಿಲ್ಲ. ಸಾಂತಾಕ್ರೂಜ್‌ನಲ್ಲಿ 1962ರ ಜನವರಿಯಲ್ಲಿ 7.4 ಡಿಗ್ರಿ ದಾಖಲಾದದ್ದು ಅಪರೂಪದ ಮಾತು. ಅಂಥ ಒಂದು ರಾತ್ರಿ ಗರಿಕೆಯನ್ನು ಮಲಗಿಸಲು ಸಾಲದು. ಸಂದೇಶ ದಿನದಿನವೂ ಮತ್ತೆ ಮತ್ತೆ ಬರಬೇಕು.

ಪ್ರಶ್ನೆ: ಇಂದಾಪುರ ತಾಲೂಕಿನಲ್ಲಿ ನಮ್ಮದು ಎರಡು ಎಕರೆ ಹಿಂಗಾರಿ ಬಿಳಿಜೋಳ. ಮಳೆಯಿಂದಾಗಿ ಈ ವರ್ಷ ಬಿತ್ತನೆ ತಡವಾಯಿತು. ಹೊಡೆ ತುಂಬುವಾಗ ಒಂದು ವಾರ ವಿಪರೀತ ಚಳಿ ಬಿತ್ತು. ಎಲೆಗಳು ಚೆನ್ನಾಗಿಯೇ ಇದ್ದವು, ಬೆಳೆ ಒಣಗಲಿಲ್ಲ. ಆದರೆ ಸೀತನಿ ತಿನ್ನುವ ಹೊತ್ತಿಗೆ ನೋಡಿದರೆ ತೆನೆಯಲ್ಲಿ ಅಲ್ಲಲ್ಲಿ ಕಾಳೇ ಕಟ್ಟಿಲ್ಲ. ಚಳಿ ತಾಳುವ ಹಾರ್ಮೋನು ಬೆಳೆಯಲ್ಲಿದ್ದರೆ ಹೀಗೇಕೆ?
– ರೈತರೊಬ್ಬರು, ಪುಣೆ ಜಿಲ್ಲೆ

ಉತ್ತರ: ಅತ್ಯಂತ ಮುಖ್ಯವಾದ ಪ್ರಶ್ನೆ ಕೇಳಿದ್ದೀರಿ, ತಮ್ಮ ನಷ್ಟಕ್ಕೆ ಮನಸ್ಸು ನೋಯುತ್ತದೆ. ತೆನೆಗೆ ಬೀಳುವ ಮಿಡ್ಜ್ ನೊಣ, ತಿಗಣೆ ಅಥವಾ ತೇವದ ಕೊರತೆಯಿಂದಲೂ ತೆನೆ ಜೊಳ್ಳಾಗುವುದುಂಟು. ಆದರೆ ತಾವು ಬರೆದಂತೆ ಎಲೆ ಆರೋಗ್ಯವಾಗಿದ್ದು, ಹೊಡೆಯ ಕಾಲದಲ್ಲೇ ಚಳಿ ಬಿದ್ದಿದ್ದರೆ ಅನುಮಾನ ಪರಾಗದ ಮೇಲೆ ಹೋಗುತ್ತದೆ. ಜೋಳದಲ್ಲಿ ಹೊಡೆಯೊಳಗೆ ಪರಾಗ ರೂಪುಗೊಳ್ಳುವ ಕೆಲವು ದಿನಗಳಲ್ಲಿ ರಾತ್ರಿಯ ಉಷ್ಣತೆ 10–13 ಡಿಗ್ರಿಗಿಂತ ಇಳಿದರೆ ಪರಾಗ ಬಂಜೆಯಾಗುತ್ತದೆ. ಹೊರಗಿನಿಂದ ನೋಡುವವರಿಗೆ ಗಿಡದಲ್ಲಿ ಏನೂ ತೋರುವುದಿಲ್ಲ.

ಇದರ ಒಳಗುಟ್ಟನ್ನು ವಿಜ್ಞಾನಿಗಳು ಭತ್ತದಲ್ಲಿ ವಿವರವಾಗಿ ಬಿಡಿಸಿದ್ದಾರೆ. ಭತ್ತವೂ ಹುಲ್ಲೇ, 1993ರ ತಣ್ಣನೆಯ ಬೇಸಿಗೆಯಲ್ಲಿ ಜಪಾನಿನ ಭತ್ತದ ಬೆಳೆ ಕೈಕೊಟ್ಟು ಆ ದೇಶ ಹೊರಗಿನಿಂದ ಅಕ್ಕಿ ತರಿಸಬೇಕಾಗಿ ಬಂದಿತ್ತು. ಪರಾಗಕೋಶದ ಒಳಗೋಡೆಯಲ್ಲಿ ಒಂದು ಪದರವಿದೆ, ಬೆಳೆಯುತ್ತಿರುವ ಪರಾಗಕ್ಕೆ ಹಾಲೂಡಿಸುವ ದಾದಿಯಂತೆ ಅದು ಸಕ್ಕರೆಯನ್ನು ಒದಗಿಸುತ್ತದೆ. ಚಳಿ ಬಿದ್ದಾಗ ಪರಾಗಕೋಶದಲ್ಲೂ ಅಬ್ಸಿಸಿಕ್ ಆಮ್ಲ ಏರುತ್ತದೆ. ಎಲೆಯಲ್ಲಿ ‘ಉಳಿಸಿಕೋ, ಕೊಡಬೇಡ’ ಎಂದು ಹೇಳಿ ಗಿಡವನ್ನು ಕಾಪಾಡಿದ ಅದೇ ಆಜ್ಞೆ ಇಲ್ಲಿ ದಾದಿಯ ಕೈಯನ್ನೂ ಕಟ್ಟಿಹಾಕುತ್ತದೆ. ಸಕ್ಕರೆಯನ್ನು ಒಡೆದು ಪರಾಗಕ್ಕೆ ಸಾಗಿಸಬೇಕಾದ ಇನ್ವರ್ಟೇಸ್ ಎಂಬ ಕಿಣ್ವ ತಗ್ಗುತ್ತದೆ, ಸಕ್ಕರೆ ಗೋಡೆಯ ಈಚೆಯೇ ರಾಶಿಯಾಗಿ ಉಳಿಯುತ್ತದೆ, ಪರಾಗ ಉಪವಾಸ ಬಿದ್ದು ಸಾಯುತ್ತದೆ. ಚಳಿಯೇ ಇಲ್ಲದಾಗ ಅಬ್ಸಿಸಿಕ್ ಆಮ್ಲವನ್ನು ಹೊರಗಿನಿಂದ ಕೊಟ್ಟರೂ ಹೀಗೆಯೇ ಆಗುವುದನ್ನು ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದ್ದಾರೆ. ಚಳಿ ತಾಳುವ ಭತ್ತದ ತಳಿಯ ಪರಾಗಕೋಶಗಳಲ್ಲಿ ಈ ಹಾರ್ಮೋನು ಕಡಿಮೆ ಪ್ರಮಾಣದಲ್ಲಿದ್ದುದನ್ನೂ ಅವರು ಕಂಡರು. ಅಷ್ಟೇ ಅಲ್ಲದೆ ಚಳಿಯಲ್ಲಿ ಜಿಬ್ಬರೆಲಿನ್ ಇಳಿಯುವುದೂ ಪರಾಗಕ್ಕೆ ಹಾನಿಯೆಂದು ಜಪಾನಿನ ಕೆಲಸವೊಂದು 2014ರಲ್ಲಿ ತಿಳಿಸಿತು. ಹುಲ್ಲುಹಾಸಿಗೆ ಜಿಬ್ಬರೆಲಿನ್ ಬೇಡವೆಂದು ಮೇಲಿನ ಉತ್ತರದಲ್ಲಿ ಬರೆದ ನಾನೇ ಇಲ್ಲಿ ಅದರ ಕೊರತೆಯನ್ನು ದೂರುತ್ತಿರುವುದು ಓದುಗರಿಗೆ ವಿಚಿತ್ರವೆನಿಸಬಹುದು. ಎಲೆಗೂ ಗೆಣ್ಣಿಗೂ ಕಾಯುವುದು ಸಾಧ್ಯ, ಫೆಬ್ರವರಿಯ ತನಕ ಬೇಕಾದರೂ ಅವು ಕಾದಾವು. ಪರಾಗಕ್ಕೆ ಇರುವುದು ನಾಲ್ಕಾರು ದಿನಗಳ ಅವಧಿ. ಆದ್ದರಿಂದಲೇ ಒಂದೇ ಹಾರ್ಮೋನು ಒಂದು ಕಡೆ ರಕ್ಷಣೆಯಾಗಿ, ಇನ್ನೊಂದು ಕಡೆ ನಷ್ಟವಾಗಿ ಪರಿಣಮಿಸುತ್ತದೆ.

ಇದಕ್ಕೆ ಸಿಂಪರಣೆಯ ಮದ್ದನ್ನು ನಾನು ಸೂಚಿಸಲಾರೆ. ಹೊಡೆ ಬರುವ ದಿನಗಳು ಕಡುಚಳಿಗೆ ಸಿಗದಂತೆ ಬಿತ್ತನೆಯನ್ನು ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದೊಳಗೆ ಮುಗಿಸಬೇಕೆಂಬ ಹಿರಿಯರ ಲೆಕ್ಕವೇ ಗಟ್ಟಿಯಾದದ್ದು. ಮಳೆ ಅದಕ್ಕೆ ಬಿಡದ ವರ್ಷದಲ್ಲಿ, ಹೊಡೆಯ ವಾರದಲ್ಲಿ ಚಳಿಯ ಮುನ್ಸೂಚನೆಯಿದ್ದರೆ, ನೀರಿನ ಅನುಕೂಲ ಇರುವವರು ಸಂಜೆ ತೆಳುವಾಗಿ ನೀರು ಹಾಯಿಸಬಹುದು. ಒದ್ದೆ ಮಣ್ಣು ಹಗಲಿನ ಕಾವನ್ನು ಹೆಚ್ಚು ಹಿಡಿದಿಟ್ಟುಕೊಂಡು ರಾತ್ರಿ ನಿಧಾನವಾಗಿ ಬಿಡುತ್ತದೆ. ತಮ್ಮ ಊರಿನಲ್ಲಿ ಎಲ್ಲರೂ ಬೆಳೆಯುವ ಕಬ್ಬು ಕೂಡ ಹುಲ್ಲೇ ಎಂಬುದನ್ನು ಗಮನಿಸಿ: ಚಳಿಗೆ ಅದರ ಬೆಳವಣಿಗೆ ಕುಂಠಿತವಾಗುವುದರಿಂದಲೇ ಸಕ್ಕರೆ ಖರ್ಚಾಗದೆ ಕಾಂಡದಲ್ಲಿ ತುಂಬಿ, ಡಿಸೆಂಬರ್–ಜನವರಿಯಲ್ಲಿ ಕಾರ್ಖಾನೆಗಳಿಗೆ ಒಳ್ಳೆಯ ಇಳುವರಿ ಸಿಗುತ್ತದೆ. ಆದರೆ ಅದೇ ದಿನಗಳಲ್ಲಿ ಕಡಿದ ಕಬ್ಬಿನ ಕೂಳೆ ಚಿಗುರಲು ತಡಮಾಡುತ್ತದೆ.

ಪ್ರಶ್ನೆ: ನಾನು ಗೋವಾದಲ್ಲಿ ಸಸ್ಯಶಾಸ್ತ್ರ ಓದುತ್ತಿರುವ ವಿದ್ಯಾರ್ಥಿನಿ. ಹಿಮ ಬೀಳುವ ದೇಶಗಳಲ್ಲಿ ಹುಲ್ಲು ಸೊನ್ನೆ ಡಿಗ್ರಿಗಿಂತ ಕೆಳಗೂ ಬದುಕುತ್ತದೆ ಎಂದು ಓದಿದ್ದೇನೆ. ಅದು ಹಾರ್ಮೋನಿನ ಕೆಲಸವೇ ಹೊರತು ಚಳಿಯದೇ ನೇರ ಪರಿಣಾಮವಲ್ಲ ಎಂದು ಹೇಗೆ ಸಾಬೀತು ಮಾಡುತ್ತಾರೆ?
– ವಿದ್ಯಾರ್ಥಿನಿಯೊಬ್ಬರು, ಮಡಗಾಂವ್

ಉತ್ತರ: ಪ್ರಶ್ನೆ ತುಂಬಾ ಚೆನ್ನಾಗಿದೆ. ಚಳಿ ಮತ್ತು ಹಾರ್ಮೋನು ಜೊತೆಯಾಗಿಯೇ ಬರುವುದರಿಂದ ಯಾವುದು ಏನು ಮಾಡಿತೆಂದು ಹೇಳುವುದು ಕಷ್ಟ. ಆದ್ದರಿಂದ ಚಳಿಯನ್ನು ತೆಗೆದು ಹಾರ್ಮೋನನ್ನು ಮಾತ್ರ ಕೊಟ್ಟು ನೋಡಬೇಕು. 1983ರಲ್ಲಿ ಚೆನ್ ಮತ್ತು ಗುಸ್ತಾ ಪ್ರಕಟಿಸಿದ ಪ್ರಯೋಗದಲ್ಲಿ ಮಾಡಿದ್ದು ಇದನ್ನೇ. ಬ್ರೋಮ್ ಎಂಬ ಮೇವಿನ ಹುಲ್ಲಿನ ಜೀವಕೋಶಗಳನ್ನು ಪೋಷಕದ್ರವದಲ್ಲಿ ಬೆಳೆಸಿ, 20 ಡಿಗ್ರಿಯ ಹಿತವಾದ ಉಷ್ಣತೆಯಲ್ಲೇ ಇಟ್ಟು, ಅಬ್ಸಿಸಿಕ್ ಆಮ್ಲವನ್ನು ಕೆಲವು ದಿನ ಕೊಟ್ಟರು. ಬಳಿಕ ಹೆಪ್ಪುಗಟ್ಟಿಸಿದಾಗ, ಹಾರ್ಮೋನು ಕಾಣದ ಕೋಶಗಳು ಮೈನಸ್ 7 ಡಿಗ್ರಿಯ ಸುಮಾರಿನವರೆಗಷ್ಟೇ ತಾಳಿದವು, ಹಾರ್ಮೋನು ಕಂಡವು ಮೈನಸ್ 30ರಲ್ಲೂ ಬದುಕಿದವು. ಚಳಿಯ ಮುಖವನ್ನೇ ನೋಡದ ಕೋಶ ಚಳಿಗೆ ಸಿದ್ಧವಾಗಿ ನಿಂತಿತ್ತು. ನಾನು ವಿದ್ಯಾರ್ಥಿಯಾಗಿದ್ದಾಗ ಇದನ್ನು ಓದಿ ಆದ ಬೆರಗು ಇಂದಿಗೂ ಹಾಗೆಯೇ ಉಳಿದಿದೆ.

ಸೊನ್ನೆಗಿಂತ ಕೆಳಗೆ ಸಮಸ್ಯೆಯ ಸ್ವರೂಪವೇ ಬದಲಾಗುತ್ತದೆ. ಮಂಜುಗಡ್ಡೆ ಸಾಮಾನ್ಯವಾಗಿ ಮೊದಲು ಕಟ್ಟುವುದು ಕೋಶದೊಳಗಲ್ಲ, ಕೋಶಗಳ ನಡುವಿನ ಸಂದಿಯಲ್ಲಿ. ಅಲ್ಲಿಂದ ಅದು ಕೋಶದೊಳಗಿನ ನೀರನ್ನು ಸೆಳೆದುಕೊಳ್ಳುತ್ತಾ ಹೋಗುತ್ತದೆ. ಹೆಪ್ಪುಗಟ್ಟಿ ಸಾಯುವ ಗಿಡ ನಿಜವಾಗಿ ಒಣಗಿ ಸಾಯುತ್ತದೆ. ಬರಕ್ಕೆ ಒದಗುವ ಅಬ್ಸಿಸಿಕ್ ಆಮ್ಲ ಹಿಮಕ್ಕೂ ಒದಗುವುದು ಈ ಕಾರಣದಿಂದ. ಗೋಧಿ, ಬಾರ್ಲಿ, ರೈ ಮೊದಲಾದವು ಶರತ್ಕಾಲದ ತಣ್ಣನೆಯ ವಾರಗಳಲ್ಲಿ ಫ್ರಕ್ಟಾನ್ ಎಂಬ ಸಕ್ಕರೆಸರಪಳಿಗಳನ್ನು ಬುಡದಲ್ಲಿ ಕೂಡಿಟ್ಟುಕೊಂಡು ಹದಗೊಳ್ಳುತ್ತವೆ. ಹಾಗೆ ಹದಗೊಳ್ಳಲು ಸಮಯ ಸಿಗದೆ ಒಮ್ಮೆಲೇ ಹಿಮ ಬಿದ್ದರೆ ಅವೂ ಸಾಯುತ್ತವೆ.

ಹಾರ್ಮೋನಿಗಿಂತ ಮೊದಲಿನ ಹಂತಗಳ ಬಗ್ಗೆಯೂ ಈಗ ಒಳ್ಳೆಯ ತಿಳಿವಳಿಕೆ ಇದೆ. ಸಿ.ಬಿ.ಎಫ್. ಅನ್ನು ಎಬ್ಬಿಸುವ ‘ಐಸ್ 1’ ಎಂಬ ಪ್ರೋಟೀನನ್ನು 2003ರಲ್ಲಿ ವರದಿ ಮಾಡಿದ ಪ್ರಬಂಧದ ಮೊದಲ ಲೇಖಕರು ನಮ್ಮವರೇ ಆದ ವಿಶ್ವನಾಥನ್ ಚಿನ್ನುಸಾಮಿ. ಭತ್ತದ ಕೋಶಪೊರೆಯಲ್ಲಿ ಕುಳಿತು ಚಳಿಯನ್ನು ಗ್ರಹಿಸಿ ಕ್ಯಾಲ್ಸಿಯಂ ಒಳಬರಲು ನೆರವಾಗುವ ‘ಕೋಲ್ಡ್ 1’ ಎಂಬ ಪ್ರೋಟೀನು 2015ರಲ್ಲಿ ಬೆಳಕಿಗೆ ಬಂತು. ಅದರ ವಂಶವಾಹಿಯ ಒಂದೇ ಒಂದು ಅಕ್ಷರದ ವ್ಯತ್ಯಾಸ ಜಪೋನಿಕಾ ಭತ್ತಕ್ಕೆ ಚಳಿ ತಾಳುವ ಶಕ್ತಿಯನ್ನು ಹೆಚ್ಚಿಸಿದೆ.

ಆದರೆ ಎಲ್ಲವನ್ನೂ ಅಬ್ಸಿಸಿಕ್ ಆಮ್ಲದ ಲೆಕ್ಕಕ್ಕೆ ಬರೆಯಬೇಡಿ, ಪರೀಕ್ಷೆಯಲ್ಲೂ ಬರೆಯಬೇಡಿ. ಎಥಿಲೀನ್ ಇದಕ್ಕೆ ಉತ್ತಮ ಉದಾಹರಣೆ. ಸಾಸಿವೆಯ ಕುಲದ ಆ ಪುಟ್ಟ ಗಿಡದಲ್ಲಿ ಅದು ಸಿ.ಬಿ.ಎಫ್. ಅನ್ನು ಅಡಗಿಸಿ ಚಳಿ ತಾಳುವ ಶಕ್ತಿಯನ್ನು ಕುಗ್ಗಿಸುತ್ತದೆ. ಚಳಿಗಾಲದ ರೈ ಹುಲ್ಲಿನಲ್ಲಾದರೋ, ಮಂಜಿನ ಹರಳುಗಳ ಮೈಗೆ ಅಂಟಿಕೊಂಡು ಅವು ದೊಡ್ಡದಾಗದಂತೆ ತಡೆಯುವ ವಿಶೇಷ ಪ್ರೋಟೀನುಗಳು ಎಲೆಯಲ್ಲಿ ತಯಾರಾಗುವುದು ಎಥಿಲೀನಿನ ಕರೆಗೆ. ಇದು 2001ರಲ್ಲಿ ಪ್ರಕಟವಾದ ಫಲಿತಾಂಶ, ಅಲ್ಲಿ ಅಬ್ಸಿಸಿಕ್ ಆಮ್ಲದಿಂದ ಆ ಕೆಲಸ ಆಗಲಿಲ್ಲ. ಒಂದು ಗಿಡದಲ್ಲಿ ಕಂಡದ್ದನ್ನು ಇನ್ನೊಂದಕ್ಕೆ ಹಾಗೆಯೇ ಒಯ್ಯಲಾಗದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಗೋವಾದಲ್ಲಿ ಹಿಮ ನೋಡುವ ಅವಕಾಶ ತಮಗಿಲ್ಲವಾದರೂ ಕಾಲೇಜಿನ ಫ್ರಿಜ್ಜು ಸಾಕು: ಗೋಧಿಯ ಸಸಿಗಳ ಎರಡು ಕುಂಡಗಳಲ್ಲಿ ಒಂದನ್ನು ಎರಡು ವಾರ 4–5 ಡಿಗ್ರಿಯಲ್ಲಿ ದೀಪದ ಬೆಳಕಿನಡಿ ಇಡಿ, ಇನ್ನೊಂದನ್ನು ಹೊರಗೆ ಇಡಿ, ಆಮೇಲೆ ಎರಡನ್ನೂ ಒಂದು ರಾತ್ರಿ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ತಣಿಸಿ, ಮರುದಿನ ಎಲೆಯ ತುಂಡುಗಳನ್ನು ಶುದ್ಧ ನೀರಿನಲ್ಲಿ ನೆನೆಸಿ, ಆ ನೀರಿನ ವಿದ್ಯುದ್ವಾಹಕತೆಯನ್ನು ಅಳೆಯಿರಿ. ಯಾವ ಎಲೆಯ ಪೊರೆ ಹರಿದಿದೆಯೋ ಅದರ ನೀರಿನಲ್ಲಿ ಲವಣ ಹೆಚ್ಚಿರುತ್ತದೆ, ಮೀಟರಿನ ಅಂಕಿಯೂ ಮೇಲಿರುತ್ತದೆ. ಅಂಕಿಗಳು ಬಂದ ಮೇಲೆ ನಮಗೂ ಬರೆದು ತಿಳಿಸಿ.